ಎರಡು ಸಿ.ಡಿ., 43 ಹಾಡು: ಅಮೆರಿಕದ ನಾಗರಿಕ ಹಕ್ಕು ಚಳವಳಿಯ ಧ್ವನಿಸಂಪುಟ ಕೊಳ್ಳಬಹುದೇ?

ಅಮೆರಿಕದ ನಾಗರಿಕ ಹಕ್ಕುಗಳ ಚಳವಳಿಯ ಹಾಡು ಅಂದ ಕೂಡಲೇ ಬಹಳ ಮಂದಿಗೆ ನೆನಪಾಗುವುದು ಗಿಟಾರ್ ಹಿಡಿದ ಜೋನ್ ಬಯೆಜ್, ಬಾಬ್ ಡಿಲನ್. ಅವರನ್ನು ಹುಡುಕಿಕೊಂಡು ಧ್ವನಿಮುದ್ರಣ ಸಂಸ್ಥೆ ಸ್ಮಿತ್ಸೋನಿಯನ್ ಫೋಕ್‌ವೇಸ್‌ನ ‘ವಾಯ್ಸಸ್ ಆಫ್ ದ ಸಿವಿಲ್ ರೈಟ್ಸ್ ಮೂವ್‌ಮೆಂಟ್: ಬ್ಲ್ಯಾಕ್ ಅಮೆರಿಕನ್ ಫ್ರೀಡಂ ಸಾಂಗ್ಸ್ 1960–1966’ ಸಂಪುಟಕ್ಕೆ ಬಂದರೆ ಬರಿಗೈಯಲ್ಲಿ ವಾಪಸ್ಸಾಗಬೇಕು. ಇಲ್ಲಿರುವುದು ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರ ಚರ್ಚುಗಳೊಳಗೆ ನಡೆಯುತ್ತಿದ್ದ ಚಳವಳಿ ಸಭೆಗಳ ದನಿ, ಮತ್ತು ಆ ಸಭೆಗಳಿಂದಲೇ ಹೊರಬಂದ ಚಿಕ್ಕ ಗಾಯಕ ತಂಡಗಳ ದನಿ. ಎರಡು ಸಿ.ಡಿ., 43 ಟ್ರ್ಯಾಕು. ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ: ಮೊದಲನೆಯ ಸಿ.ಡಿ.ಗಾಗಿ ಕೊಳ್ಳಿ, ಎರಡನೆಯದನ್ನು ಆರಿಸಿ ಕೇಳಿ, ಪುಸ್ತಿಕೆಯನ್ನು ಮಾತ್ರ ಬಿಡದೆ ಓದಿ.

ಸಂಪುಟ ಮೊದಲು ಹೊರಬಂದದ್ದು 1980ರಲ್ಲಿ, ಮೂರು ಎಲ್‌ಪಿಗಳ ಪೆಟ್ಟಿಗೆಯಾಗಿ. ಈಗ ಸಿಗುವುದು 1997ರ ಸಿ.ಡಿ. ರೂಪ. ಹಾಡುಗಳನ್ನು ಆರಿಸಿ, ಜೋಡಿಸಿ, ಟಿಪ್ಪಣಿ ಬರೆದವರು ಬರ್ನಿಸ್ ಜಾನ್ಸನ್ ರೇಗನ್. ಜಾರ್ಜಿಯಾದ ಆಲ್ಬನಿಯವರು, ಬ್ಯಾಪ್ಟಿಸ್ಟ್ ಪಾದ್ರಿಯ ಮಗಳು. 1961ರಲ್ಲಿ ಆ ಊರಿನ ವರ್ಣಭೇದದ ವಿರುದ್ಧ ಎದ್ದ ಆಲ್ಬನಿ ಚಳವಳಿಯಲ್ಲಿ ಜೈಲಿಗೆ ಹೋದರು, ಅದೇ ಕಾರಣಕ್ಕೆ ಕಾಲೇಜಿನಿಂದ ಹೊರಬಿದ್ದರು. ಮರುವರ್ಷ ವಿದ್ಯಾರ್ಥಿ ಸಂಘಟನೆ ಎಸ್‌ಎನ್‌ಸಿಸಿಯ ‘ಫ್ರೀಡಂ ಸಿಂಗರ್ಸ್’ ತಂಡ ಕಟ್ಟಿದಾಗ ಅದರ ನಾಲ್ವರಲ್ಲಿ ಇವರೂ ಒಬ್ಬರು. ಆಮೇಲೆ ಇದೇ ಹಾಡುಗಳ ಮೇಲೆ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡಿದರು, ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿ ಕೆಲಸ ಮಾಡಿದರು, 2024ರಲ್ಲಿ ತೀರಿಕೊಂಡರು. ಹಾಡಿದವರೇ ಸಂಶೋಧಕರೂ ಆಗಿರುವುದರಿಂದ ಆಯ್ಕೆಯಲ್ಲಿ ಒಂದು ಹಟ ಕಾಣುತ್ತದೆ. ವೇದಿಕೆಯ ಮೇಲೆ ಚೆಂದ ಕೇಳಿಸಿದ ಹಾಡಿಗಿಂತ ಸಭೆಯಲ್ಲಿ ಕೆಲಸ ಮಾಡಿದ ಹಾಡಿಗೆ ಅವರು ಮೊದಲ ಮಣೆ ಹಾಕುತ್ತಾರೆ. ಈ ಹಟವೇ ಸಂಪುಟದ ಬಲ. ಅದಕ್ಕೆ ಒಗ್ಗದವರಿಗೆ ಇದೇ ತೊಡಕು.

ಮೊದಲನೆಯ ಸಿ.ಡಿ. ಮುಖ್ಯವಾಗಿ ಸಭೆಗಳದ್ದು. ಅದನ್ನು ಕೇಳುವ ಮೊದಲು ಆ ಸಭೆ ಹೇಗೆ ನಡೆಯುತ್ತಿತ್ತು ಅನ್ನುವುದು ಸ್ವಲ್ಪ ತಿಳಿದಿರಬೇಕು. ಇಲ್ಲದಿದ್ದರೆ ಎಲ್ಲ ಹಾಡೂ ಒಂದೇ ಥರ ಅನ್ನಿಸುವ ಅಪಾಯವಿದೆ. ಸಂಜೆ ಜನ ಸೇರುತ್ತಿದ್ದರು, ಹಿರಿಯರು ಪ್ರಾರ್ಥನೆ ಮಾಡಿ ಹಳೆಯ ಸ್ತೋತ್ರ ಎತ್ತುತ್ತಿದ್ದರು. ಈ ಸ್ತೋತ್ರಗಳಿಗೆ ‘ಡಾಕ್ಟರ್ ವಾಟ್ಸ್’ ಎಂದೇ ಹೆಸರು, 18ನೇ ಶತಮಾನದ ಇಂಗ್ಲಿಷ್ ಸ್ತೋತ್ರಕಾರ ಐಸಾಕ್ ವಾಟ್ಸ್‌ನಿಂದ ಬಂದದ್ದು. ಮುಂದಾಳು ಒಂದು ಸಾಲನ್ನು ಮಾತಿನ ವೇಗದಲ್ಲಿ ಒಪ್ಪಿಸಿಬಿಡುತ್ತಾನೆ. ಸಭೆ ಅದೇ ಸಾಲನ್ನು ಎಳೆದೆಳೆದು, ಒಂದೊಂದು ಸ್ವರಕ್ಕೂ ಬಳುಕು ಕೊಟ್ಟು ಹಾಡುತ್ತದೆ. ಹಾಡಿನ ಪುಸ್ತಕ ಇಲ್ಲದವರಿಗೆ, ಓದು ಬಾರದವರಿಗೆ ಮಾಡಿಕೊಂಡ ವ್ಯವಸ್ಥೆ ಇದು. ಇದರಲ್ಲಿ ಎಣಿಸಬಹುದಾದ ತಾಳವಿಲ್ಲ, ಚಪ್ಪಾಳೆಯಿಲ್ಲ. ಆಮೇಲೆ ಕಾಲು ನೆಲ ತಟ್ಟಲು ಶುರುವಾಗುತ್ತದೆ, ಸ್ವಾತಂತ್ರ್ಯಗೀತೆಗಳು ಬರುತ್ತವೆ, ಭಾಷಣ, ಮತ್ತೆ ಹಾಡು, ಎಷ್ಟೋ ಸಲ ಅಲ್ಲಿಂದಲೇ ಬೀದಿಗೆ ಮೆರವಣಿಗೆ.

ಸ್ವಾತಂತ್ರ್ಯಗೀತೆಯಲ್ಲಿ ಮುಂದಾಳು ಹೇಳಿದ್ದನ್ನು ಸಭೆ ಹಾಗೇ ಮರುಕಳಿಸುವುದಿಲ್ಲ. ನಮ್ಮ ಭಜನೆಯಲ್ಲಿ ಮುಂದಿನವರು ಹಾಡಿ ಮುಗಿಸಿದ ಮೇಲೆ ಹಿಂದಿನವರು ಅದೇ ಸಾಲು ಮತ್ತೆ ಹಾಡುವ ಕ್ರಮವಿದೆಯಲ್ಲ, ಇಲ್ಲಿ ಹಾಗಲ್ಲ. ಮುಂದಾಳಿನ ಸಾಲು ಮುಗಿಯುವ ಮೊದಲೇ ಸಭೆ ತನ್ನ ಸೊಲ್ಲನ್ನು ಅದರ ಮೇಲೆ ಹೇರುತ್ತದೆ; ಆ ಸೊಲ್ಲು ಮುಗಿಯುವ ಮೊದಲೇ ಮುಂದಾಳು ಮುಂದಿನ ಚರಣದ ಮೊದಲ ಎರಡು ಮೂರು ಪದ ಕೂಗುತ್ತಾಳೆ. ಆ ಎರಡು ಮೂರು ಪದವೇ ಸೂಚನೆ. ಸಭೆಗೆ ಇಡೀ ಚರಣ ಗೊತ್ತಿರಬೇಕಿಲ್ಲ, ಬದಲಾಗುವ ತುಣುಕು ಕಿವಿಗೆ ಬಿದ್ದರೆ ಸಾಕು. ಸಾವಿರ ಜನಕ್ಕೆ ಮುದ್ರಿತ ಹಾಳೆ ಹಂಚದೆ ಹೊಸ ಹಾಡು ಕಲಿಸುವ ತಂತ್ರ ಇದು; ಬಂದವರು ಕೇಳುಗರಾಗಿ ಉಳಿಯಲು ಜಾಗವೇ ಇರುತ್ತಿರಲಿಲ್ಲ. ಮೊದಲ ಸಲ ಹೆಡ್‌ಫೋನ್ ಹಾಕಿ ಕೇಳುವಾಗ ಮುಂದಾಳನ್ನು ಬಿಟ್ಟು, ಅವರ ಹಿಂದಿರುವ ಸಭೆಯ ಕಡೆಗೆ ಕಿವಿ ಇಡಿ. ಎಲ್ಲಿ ಜನ ಎರಡನೆಯ, ಮೂರನೆಯ ದನಿಯಾಗಿ ಒಡೆದುಕೊಳ್ಳುತ್ತಾರೆ, ಯಾರೂ ಬರೆದುಕೊಡದೆ ಶ್ರುತಿಗಳು ಹೇಗೆ ಪದರ ಪದರವಾಗಿ ಕೂರುತ್ತವೆ ಅನ್ನುವುದು ಆಗ ಗೊತ್ತಾಗುತ್ತದೆ.

ಈ ಕ್ರಮಕ್ಕೆ ಒಳ್ಳೆಯ ಮಾದರಿ ಅಲಬಾಮಾದ ಸೆಲ್ಮಾದ ಬೆಟ್ಟಿ ಮೇ ಫೈಕ್ಸ್ ಹಾಡಿದ ‘ದಿಸ್ ಲಿಟಲ್ ಲೈಟ್ ಆಫ್ ಮೈನ್’. ಆಕೆ ಆಗ ಹೈಸ್ಕೂಲು ಹುಡುಗಿ. ಭಾನುವಾರದ ಶಾಲೆಯಲ್ಲಿ ಮಕ್ಕಳು ಹಾಡುವ ಹಾಡಿದು. ‘ನನ್ನ ಈ ಪುಟ್ಟ ದೀಪವನ್ನು ಬೆಳಗಿಸುವೆ’ ಎಂಬ ಸಾಲಿನ ಮುಂದೆ ಯಾರ ಹೆಸರನ್ನಾದರೂ ಕೂರಿಸಬಹುದು. ಆಕೆ ಕೂರಿಸುವುದು ಜಿಮ್ ಕ್ಲಾರ್ಕ್‌ನನ್ನು. ಅಂಗಿಗೆ ‘ಎಂದಿಗೂ ಇಲ್ಲ’ ಎಂಬ ಬಿಲ್ಲೆ ಸಿಕ್ಕಿಸಿಕೊಂಡು, ಮತ ನೋಂದಣಿಗೆ ಬಂದವರನ್ನು ಹೊಡೆದಟ್ಟಿದ ಆ ಊರಿನ ಶೆರಿಫ್. ಹೋಗಿ ಅವನಿಗೆ ಹೇಳಿ ಎನ್ನುವುದು ಆ ಚರಣ. ಊರಿನಲ್ಲಿ ಆ ಹೆಸರನ್ನು ಗಟ್ಟಿಯಾಗಿ ಎತ್ತಲು ದೊಡ್ಡವರೂ ಹೆದರುತ್ತಿದ್ದ ಕಾಲ. ಹಾಡಿನೊಳಗೆ ಬಂದ ಮೇಲೆ ಅದು ಇಡೀ ಸಭೆಯ ಬಾಯಲ್ಲಿ ಹೊರಬರುತ್ತದೆ, ಇಂಥವರು ಹೇಳಿದರು ಎಂದು ಬೊಟ್ಟು ಮಾಡಲು ಯಾರೂ ಸಿಗುವುದಿಲ್ಲ. ಟ್ರ್ಯಾಕು ಅಲ್ಲಿಗೆ ನಿಲ್ಲದೆ ‘ಫ್ರೀಡಂ ನೌ’ ಘೋಷಣೆಗೆ ಹೊರಳಿ, ಅಲ್ಲಿಂದ ‘ಕಮ್ ಬಾ ಯಾ’ಗೆ ಹೋಗುತ್ತದೆ. ಶಿಬಿರದ ಬೆಂಕಿಯ ಸುತ್ತ ಕೂತು ಹಾಡುವ ಸಪ್ಪೆ ‘ಕುಂಬಾಯಾ’ ಮಾತ್ರ ಕೇಳಿದವರಿಗೆ ಇದು ಅದೇ ಹಾಡು ಎಂದು ಗುರುತು ಹತ್ತುವುದು ತಡವಾದೀತು.

ಫ್ಯಾನಿ ಲೂ ಹ್ಯಾಮರ್ ಅವರ ಟ್ರ್ಯಾಕುಗಳೇ ಸಾಕು, ಕೊಟ್ಟ ದುಡ್ಡು ಸಂದಾಯವಾಯಿತು. ಮಿಸಿಸಿಪ್ಪಿಯ ರೂಲ್‌ವಿಲ್‌ನಲ್ಲಿ ಹತ್ತಿ ತೋಟದ ಗೇಣಿ ಕೂಲಿ ಆಕೆ. 1962ರ ಆಗಸ್ಟ್ 31ರಂದು 18 ಜನ ಬಸ್ಸು ಮಾಡಿಕೊಂಡು ಇಂಡಿಯನೋಲಾಕ್ಕೆ ಮತ ನೋಂದಣಿಗೆ ಹೋದರು. ವಾಪಸ್ಸು ಬರುವಾಗ ಪೊಲೀಸರು ಬಸ್ಸು ತಡೆದರು. ಬಸ್ಸಿನ ಬಣ್ಣ ಅತಿ ಹಳದಿ ಎಂಬುದೇ ಅಪರಾಧ. ಒಳಗೆ ಕೂತವರು ನಡುಗುತ್ತಿದ್ದಾಗ ಹಾಡು ಎತ್ತಿದವರು ಈಕೆ, ಚಳವಳಿಯ ಸಂಘಟಕರ ಕಣ್ಣಿಗೆ ಬಿದ್ದದ್ದೂ ಆ ಹಾಡಿನಿಂದಲೇ. ಅವರ ‘ಗೋ ಟೆಲ್ ಇಟ್ ಆನ್ ದ ಮೌಂಟನ್’ ಅನ್ನು ಸಾಲು ಸಾಲಾಗಿ ಬಿಡಿಸಿ ಕೇಳಿ. ಮೂಲದಲ್ಲಿ ಅದು ಕ್ರಿಸ್‌ಮಸ್ ಹಾಡು, ಏಸು ಹುಟ್ಟಿದ ಸುದ್ದಿಯನ್ನು ಬೆಟ್ಟದ ಮೇಲೆ ನಿಂತು ಸಾರುವುದು. ಹ್ಯಾಮರ್ ಆ ಸುದ್ದಿಯನ್ನು ತೆಗೆದು, ಈಜಿಪ್ಟಿನ ಫೆರೋ ದೊರೆಗೆ ಬೈಬಲಿನ ಮೋಸೆಸ್ ಹಾಕಿದ ಬೇಡಿಕೆಯನ್ನು ಅಲ್ಲಿ ಇಡುತ್ತಾರೆ: ನನ್ನ ಜನರನ್ನು ಬಿಟ್ಟುಬಿಡು. ಮುಂದಿನ ಚರಣದಲ್ಲಿ ಕೆಂಪು ಉಟ್ಟು ಬರುತ್ತಿರುವವರು ಯಾರು ಎಂಬ ಪ್ರಶ್ನೆ. ಹಳೆಯ ಹಾಡಿನಲ್ಲಿ ಅವರು ಮೋಸೆಸ್ ನಡೆಸಿಕೊಂಡು ಬಂದ ಮಕ್ಕಳು, ಇಲ್ಲಿ ಬಾಬ್ ಮೋಸೆಸ್ ನಡೆಸಿಕೊಂಡು ಬಂದ ಮಕ್ಕಳು. ಬಾಬ್ ಮೋಸೆಸ್ ಆಗ ಮಿಸಿಸಿಪ್ಪಿಯಲ್ಲಿ ಮತ ನೋಂದಣಿ ಮಾಡಿಸುತ್ತಿದ್ದ ಎಸ್‌ಎನ್‌ಸಿಸಿ ಕಾರ್ಯಕರ್ತ. ಸೇರಿಸಿದ್ದು ಒಂದೇ ಒಂದು ಹೆಸರು. ‘ವಾಕ್ ವಿತ್ ಮಿ, ಲಾರ್ಡ್’ನಲ್ಲಿ ಅದೂ ಇಲ್ಲ, ಒಂದು ಪದವನ್ನೂ ಬದಲಿಸಿಲ್ಲ, ಬೇಕಾಗಿಯೂ ಇರಲಿಲ್ಲ. ಜೂನ್ 1963ರಲ್ಲಿ ವಿನೋನಾ ಜೈಲಿನಲ್ಲಿ ಅವರನ್ನು ಜೀವಮಾನವಿಡೀ ನೋವು ಉಳಿಯುವಂತೆ ಹೊಡೆದಿದ್ದರು. ಅದನ್ನು ತಿಳಿದುಕೊಂಡು ಕೇಳಿದರೆ ಹಾಡಿನ ತೂಕ ಬೇರೆಯಾಗುತ್ತದೆ.

ಹೀಗೆ ಹಾಡು ಬದಲಿಸುವುದರಲ್ಲಿ ಮೂರು ಮಟ್ಟಗಳಿವೆ, ಸಂಪುಟದಲ್ಲಿ ಮೂರಕ್ಕೂ ಉದಾಹರಣೆ ಸಿಗುತ್ತದೆ. ಕೆಲವು ಹಾಡು ಹಾಗೇ ಬರುತ್ತವೆ, ಜಾಗ ಬದಲಾದದ್ದರಿಂದಲೇ ಅರ್ಥ ಬದಲಾಗುತ್ತದೆ. ಕೆಲವಕ್ಕೆ ಒಂದು ಪದ ಸಾಕು: ‘ಜೀಸಸ್’ ಇದ್ದಲ್ಲಿ ‘ಫ್ರೀಡಂ’, ‘ನಾನು’ ಇದ್ದಲ್ಲಿ ‘ನಾವು’. ಮೂರನೆಯದು ಆಗಿನ ರೇಡಿಯೋ ಹಾಡಿನ ಧಾಟಿಗೆ ಹೊಸ ಸಾಹಿತ್ಯ ಕೂರಿಸುವುದು. ನಾಗರಿಕ ಹಕ್ಕು ಹೋರಾಟದ ಇನ್ನೊಂದು ಸಂಘಟನೆ ಕೋರ್‌ನ ಫ್ರೀಡಂ ಸಿಂಗರ್ಸ್ ಹಾಡುವ ‘ಗೆಟ್ ಯುವರ್ ರೈಟ್ಸ್, ಜ್ಯಾಕ್’ 1961ರಲ್ಲಿ ರೇ ಚಾರ್ಲ್ಸ್‌ ಹಾಡಿ ಮನೆಮಾತಾದ ‘ಹಿಟ್ ದ ರೋಡ್ ಜ್ಯಾಕ್’ ಧಾಟಿ. ನ್ಯಾಶ್‌ವಿಲ್ ಕ್ವಾರ್ಟೆಟ್ ಎಂಬ ಸೆಮಿನರಿ ಹುಡುಗರ ತಂಡ ಲಿಟಲ್ ವಿಲ್ಲಿ ಜಾನ್‌ನ ಪ್ರೇಮಗೀತೆಯ ಧಾಟಿಗೆ ವರ್ಣಭೇದ ಬಿಟ್ಟುಬಿಡು ಎಂದು ಹಾಡುತ್ತದೆ. ಇವು ಬಹುಮಟ್ಟಿಗೆ ಹುಡುಗರ ಕೆಲಸ. ಮಾಡಲು ಅತಿ ಸುಲಭ, ಬೇಗ ಹಳತಾಗುವುದೂ ಇವೇ. ಮೂಲದ ಧಾಟಿ ಕಿವಿಯಲ್ಲಿಲ್ಲದ ಇಂದಿನ ಕೇಳುಗರಿಗೆ ಕುಚೋದ್ಯದ ಅರ್ಧ ದಕ್ಕುವುದಿಲ್ಲ. ಮೂಲ ಹಾಡನ್ನು ಒಮ್ಮೆ ಹಾಕಿಕೊಂಡು ಆಮೇಲೆ ಇದಕ್ಕೆ ಬನ್ನಿ.

ಬರ್ಮಿಂಗ್‌ಹ್ಯಾಮ್‌ನ ಟ್ರ್ಯಾಕುಗಳದ್ದು ಬೇರೆಯದೇ ಲೋಕ. ಆಲ್ಬನಿಯ ಜನ ವಾದ್ಯವಿಲ್ಲದೆ ಹಾಡಿದರೆ ಬರ್ಮಿಂಗ್‌ಹ್ಯಾಮ್‌ನಲ್ಲಿ ತರಬೇತಾದ ಕಾಯಿರ್, ಅಂದರೆ ಗಾಯಕವೃಂದ, ಇತ್ತು, ಆರ್ಗನ್ ಇತ್ತು, ಎರಡನ್ನೂ ಆಡಿಸಲು ಕಾರ್ಲ್ಟನ್ ರೀಸ್ ಇದ್ದರು. ಅವರ ಅಲಬಾಮಾ ಕ್ರಿಶ್ಚಿಯನ್ ಮೂವ್‌ಮೆಂಟ್ ಕಾಯಿರ್ ಹಾಡಿದ ‘ನೈಂಟಿ ನೈನ್ ಅಂಡ್ ಎ ಹಾಫ್ ವೋಂಟ್ ಡು’ ಮೂಲದಲ್ಲಿ ಡೊರೊತಿ ಲವ್ ಕೋಟ್ಸ್‌ರ ಗಾಸ್ಪೆಲ್ ಹಾಡು: ತೊಂಬತ್ತೊಂಬತ್ತೂವರೆ ಆದರೆ ಸಾಲದು, ಪೂರ್ತಿ ನೂರು ಬೇಕು. ಗಾಸ್ಪೆಲ್ ಎಂದರೇನು, ಸ್ಪಿರಿಚುವಲ್ ಎಂದರೇನು ಎಂದು ಗೊಂದಲವಿರುವವರು ಹ್ಯಾಮರ್ ಟ್ರ್ಯಾಕಿನ ಬೆನ್ನಿಗೇ ಇದನ್ನು ಕೇಳಲಿ. ಸ್ಪಿರಿಚುವಲ್ ಗುಲಾಮಗಿರಿಯ ಕಾಲದ್ದು, ಇಂಥವರು ಬರೆದರು ಎಂದು ಹೇಳಲಾಗದ್ದು, ಎಲ್ಲರ ಬಾಯಿಗೂ ಸಲ್ಲುವಂಥದ್ದು. ಗಾಸ್ಪೆಲ್ 20ನೇ ಶತಮಾನದ ನಗರದ್ದು. ಬರೆದವರ ಹೆಸರಿರುತ್ತದೆ, ವಾದ್ಯವಿರುತ್ತದೆ, ಒಬ್ಬ ಒಂಟಿ ಗಾಯಕ ಕಾಯಿರನ್ನು ಬೆನ್ನಿಗಿಟ್ಟುಕೊಂಡು ಏರುತ್ತಾ ಹೋಗುತ್ತಾನೆ. ಏಪ್ರಿಲ್, ಮೇ 1963ರಲ್ಲಿ ಪೊಲೀಸ್ ನಾಯಿ ಮತ್ತು ಅಗ್ನಿಶಾಮಕದ ನೀರಿನ ಕೊಳವೆಗಳ ಎದುರಿಗೆ ಹೋಗಲಿದ್ದ ಜನಕ್ಕೆ ಈ ಏರಿಕೆ ಬೇಕಿತ್ತು. ಆದರೆ ಆರ್ಗನ್ ಬೀದಿಗೆ ಬರುವುದಿಲ್ಲ, ಜೈಲಿಗಂತೂ ಬರುವುದೇ ಇಲ್ಲ. ಅಲ್ಲಿ ಮತ್ತೆ ಕೆಲಸಕ್ಕೆ ಬಂದದ್ದು ಕೈ, ಕಾಲು, ಗಂಟಲು ಮಾತ್ರ. 1961ರಲ್ಲಿ ಮಿಸಿಸಿಪ್ಪಿಯ ಪಾರ್ಚ್‌ಮನ್ ಜೈಲಿನಲ್ಲಿ, ಬಸ್ಸುಗಳಲ್ಲಿನ ವರ್ಣಭೇದ ಮುರಿಯಲು ಹೊರಟಿದ್ದ ಫ್ರೀಡಂ ರೈಡರ್‌ಗಳ ಹಾಡು ನಿಲ್ಲಿಸಲು ಹಾಸಿಗೆ ಕಿತ್ತುಕೊಳ್ಳುವುದಾಗಿ ಕಾವಲುಗಾರರು ಹೆದರಿಸಿದರು, ಕಿತ್ತುಕೊಂಡರೂ ಕೂಡ. ಹಾಡು ನಿಲ್ಲಲಿಲ್ಲ.

ಎರಡನೆಯ ಸಿ.ಡಿ.ಯ ಕೇಂದ್ರ ಗಾಯಕ ತಂಡಗಳು. ಇವುಗಳ ಕೆಲಸವೇ ಬೇರೆ: ಉತ್ತರದ ಕಾಲೇಜು, ಚರ್ಚು, ಮನೆಗಳಿಗೆ ಹೋಗಿ ದಕ್ಷಿಣದ ಸುದ್ದಿ ಮುಟ್ಟಿಸುವುದು, ದುಡ್ಡು ಎತ್ತುವುದು. ರೇಗನ್ ಇದ್ದ ಮೊದಲ ತಂಡ ಒಂದು ಸ್ಟೇಷನ್ ವ್ಯಾಗನ್‌ನಲ್ಲಿ ಒಂಬತ್ತು ತಿಂಗಳಲ್ಲಿ ಸುಮಾರು 50,000 ಮೈಲಿ ಸುತ್ತಿತು. ಸುದ್ದಿ ಮುಟ್ಟಿಸುವ ಹಾಡಿಗೆ ಕಥೆ ಬೇಕು, ಕಥೆಗೆ ಉದ್ದ ಚರಣ ಬೇಕು. ಅಲ್ಲೇ ಕೆಲವು ಟ್ರ್ಯಾಕು ಸೊರಗುತ್ತವೆ. ಜೂನ್ 12, 1963ರಂದು ಜಾಕ್ಸನ್‌ನಲ್ಲಿ ಕೊಲೆಯಾದ ನಾಗರಿಕ ಹಕ್ಕು ನಾಯಕ ಮೆಡ್ಗರ್ ಎವರ್ಸ್ ಕುರಿತ ಲಾವಣಿ ಗೌರವಕ್ಕೆ ಅರ್ಹವೇ ಹೌದು, ಮತ್ತೆ ಮತ್ತೆ ಹಾಕಿಕೊಂಡು ಕೇಳುವಂಥದ್ದಲ್ಲ. ವರ್ಣಭೇದದ ಪರ ನಿಂತಿದ್ದ ಅಲಬಾಮಾ ಗವರ್ನರ್ ವಾಲೆಸ್ ಮೇಲಿನ ಹಾಡೂ ಅಂದಿನ ಸುದ್ದಿಯ ಜೊತೆಗೇ ಹಳತಾಗಿದೆ. ‘ಒಗಿಂಗ ಒಡಿಂಗ’ ಹಾಗಲ್ಲ. ಡಿಸೆಂಬರ್ 1963ರಲ್ಲಿ ಕೀನ್ಯದ ನಾಯಕ ಒಡಿಂಗ ಅಟ್ಲಾಂಟಾಕ್ಕೆ ಬಂದಾಗ ಎಸ್‌ಎನ್‌ಸಿಸಿ ಹುಡುಗರು ಹೋಟೆಲಿಗೆ ಹೋಗಿ ಕಂಡರು. ಅಲ್ಲಿಂದ ಪಕ್ಕದ ಟಾಡಲ್ ಹೌಸ್‌ಗೆ ಕಾಫಿ ಕುಡಿಯಲು ಹೋದರೆ ಕಪ್ಪು ಜನಕ್ಕೆ ಕೊಡುವುದಿಲ್ಲ ಎಂದರು, ಕೂತವರನ್ನು ಪೊಲೀಸರು ಹೊತ್ತೊಯ್ದರು. ಈ ಇಡೀ ಪ್ರಸಂಗವನ್ನು ತಂಡ ನಗುನಗುತ್ತಾ ಹಾಡುತ್ತದೆ, ಅತಿಥಿಯ ಹೆಸರಿನ ನಾದವನ್ನೇ ಸೊಲ್ಲಾಗಿ ಬಳಸಿಕೊಂಡು.

ಈ ಸಿ.ಡಿ.ಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಮಾರ್ಷಲ್ ಜೋನ್ಸ್ ಕಟ್ಟಿದ ‘ಇನ್ ದ ಮಿಸಿಸಿಪ್ಪಿ ರಿವರ್’. ಜೂನ್ 21, 1964ರಂದು ಚೇನಿ, ಗುಡ್‌ಮನ್, ಶ್ವರ್ನರ್ ಎಂಬ ಮೂವರು ಕಾರ್ಯಕರ್ತರು ಕಾಣೆಯಾದರು. ಅವರ ಶವ ಆಗಸ್ಟ್‌ನಲ್ಲಿ ಒಂದು ಮಣ್ಣಿನ ಒಡ್ಡಿನಡಿ ಸಿಕ್ಕಿತು. ಅಷ್ಟರೊಳಗೆ ನದಿ ಜಾಲಾಡಿದವರಿಗೆ ಬೇರೆ ಕಪ್ಪು ಜನರ ಶವಗಳು ಸಿಕ್ಕಿದ್ದವು. ಅವರಿಗಾಗಿ ಯಾರೂ ಹುಡುಕಾಟ ನಡೆಸಿರಲಿಲ್ಲ. ಹಾಡು ಮಕ್ಕಳ ಎಣಿಕೆ ಪದ್ಯದ ಹಾಗೆ ಒಂದು, ಎರಡು ಎಂದು ಎಣಿಸುತ್ತಾ, ಒಂದೊಂದು ಎಣಿಕೆಗೂ ಅದು ಯಾರಿರಬಹುದು ಎಂದು ಪ್ರಾಸ ಹಾಕುತ್ತಾ ಹೋಗುತ್ತದೆ. ಕಥೆ ಹೇಳುವ ಲಾವಣಿ ಮತ್ತು ಸಭೆ ಸೇರಿಕೊಳ್ಳಬಹುದಾದ ಸೊಲ್ಲು ಎರಡೂ ಒಂದೇ ಹಾಡಿನಲ್ಲಿ ಕೂಡಿದ್ದು ಇಲ್ಲಿ.

ಧ್ವನಿಯ ಗುಣಮಟ್ಟದ ಬಗ್ಗೆ ಭ್ರಮೆ ಬೇಡ. ತಂಡಗಳ ಟ್ರ್ಯಾಕು ಸ್ವಚ್ಛವಾಗಿವೆ. ಸಭೆಯ ಟ್ರ್ಯಾಕು ಒರಟು. ತುಂಬಿದ ಚರ್ಚಿನಲ್ಲಿ ಟೇಪ್ ಯಂತ್ರ ಇಟ್ಟು ಮಾಡಿದ ಧ್ವನಿಮುದ್ರಣದಲ್ಲಿ ಮುಂದಾಳಿನ ದನಿ ದೂರ ಸರಿಯುವುದು, ಚಪ್ಪಾಳೆ ಹತ್ತಿರದಲ್ಲೇ ಸಿಡಿಯುವುದು ಸಹಜ. ಅದನ್ನು ಸರಿಪಡಿಸಲು ಬಾಸ್ ಏರಿಸಬೇಡಿ, ಕಾಲು ತಟ್ಟುವ ಸದ್ದು ದಡದಡ ಎಂದು ಪದಗಳನ್ನು ನುಂಗುತ್ತದೆ. ಟೋನ್ ಎಲ್ಲವನ್ನೂ ಸೊನ್ನೆಗೆ ಇಟ್ಟರೆ ಲೇಸು. ಫೋನಿನ ಸ್ಪೀಕರಿನಲ್ಲಂತೂ ಸಭೆ ಬರೀ ಗದ್ದಲವಾಗಿ ಕೇಳುತ್ತದೆ. ಇನ್ನೊಂದು ಕೊರತೆ ಅವಧಿಯದ್ದು. ಸಭೆಯಲ್ಲಿ ಹಾಡು ಬೇಕಾದಷ್ಟು ಹೊತ್ತು ಬೆಳೆಯುತ್ತಿತ್ತು, ಇಲ್ಲಿ ಕೆಲವೇ ನಿಮಿಷದ ತುಣುಕು. ಹಾಡು ಕಾವೇರುವ ಹೊತ್ತಿಗೆ ಟ್ರ್ಯಾಕು ಮುಗಿದಿರುತ್ತದೆ.

ಸ್ಟ್ರೀಮಿಂಗ್‌ನಲ್ಲಿ ಕೇಳುವವರು ಶಫಲ್ ತೆಗೆದಿಡಿ. ಸಭೆಯಿಂದ ತಂಡಗಳ ಕಡೆಗೆ ಹೋಗುವ ಜೋಡಣೆಯೇ ಈ ಸಂಪುಟದ ವಾದ, ಕಲಸಿದರೆ ಅದು ಕೈಬಿಟ್ಟುಹೋಗುತ್ತದೆ. ಹಾಡಿನ ಹೆಸರು ಕೊಟ್ಟು ಹುಡುಕಿದರೆ ಅದೇ ಹೆಸರಿನ ಹತ್ತಾರು ಕಾಯಿರ್ ಆವೃತ್ತಿಗಳು ಮೇಲೆ ಬರುತ್ತವೆ, ಆದ್ದರಿಂದ ಸಂಪುಟದ ಹೆಸರಿನಿಂದಲೇ ಹುಡುಕಿ. ಸ್ಟ್ರೀಮಿಂಗ್‌ನಲ್ಲಿ ಸಿಗದ್ದು ರೇಗನ್ ಅವರ ಟಿಪ್ಪಣಿ. ಅದು ಫೋಕ್‌ವೇಸ್ ಜಾಲತಾಣದಲ್ಲಿ ಪಿಡಿಎಫ್ ಆಗಿ ಉಚಿತವಾಗಿ ಇದೆ, ಸಿ.ಡಿ. ಕೊಳ್ಳದವರೂ ಇಳಿಸಿಕೊಳ್ಳಬಹುದು. ಇಂಡಿಯಾಕ್ಕೆ ತರಿಸುವುದಾದರೆ ಸಾಗಣೆ, ಸುಂಕ ಸೇರಿ ಸಿ.ಡಿ. ದುಬಾರಿಯಾಗುತ್ತದೆ, ಡೌನ್‌ಲೋಡ್ ಸಾಕು. ಎಂಪಿ3 ಬದಲು ಧ್ವನಿ ಕುಂದದ ಫ್ಲ್ಯಾಕ್ ಫೈಲು ಆರಿಸಿಕೊಳ್ಳಿ, ಚಪ್ಪಾಳೆ ದಟ್ಟವಾಗಿರುವ ಕಡೆ ಕುಗ್ಗಿಸಿದ ಫೈಲು ಕರಕರ ಎನ್ನುತ್ತದೆ.

ಕೇಳುವುದಕ್ಕಷ್ಟೇ ಅಲ್ಲ, ಹಾಡಲು ಕಲಿಯಲಿಕ್ಕೆ ಕೊಳ್ಳುವ ತಂಡಗಳಿಗೆ ಕೆಲವು ಮಾತು. ಚಪ್ಪಾಳೆ ನಾಲ್ಕರ ಎಣಿಕೆಯಲ್ಲಿ ಎರಡು ಮತ್ತು ನಾಲ್ಕಕ್ಕೆ ಬೀಳಬೇಕು, ಕಾಲು ಒಂದು ಮತ್ತು ಮೂರಕ್ಕೆ. ತಾಳದ ಮೊದಲ ಪೆಟ್ಟಿಗೇ ಕೈ ತಟ್ಟಿ ರೂಢಿಯಾದ ನಮ್ಮವರು ಇಲ್ಲೇ ಎಡವುತ್ತಾರೆ, ಹಾಡು ಕವಾಯತಾಗಿಬಿಡುತ್ತದೆ. ಕಾಲನ್ನು ಮೊದಲು ಅಭ್ಯಾಸ ಮಾಡಿ, ಕೈಯನ್ನು ಆಮೇಲೆ ಸೇರಿಸಿ. ಶ್ರುತಿಯನ್ನು ಗಂಡಸರೂ ಹೆಂಗಸರೂ ನಡುದನಿಯಲ್ಲಿ ಹಾಡುವಷ್ಟು ತಗ್ಗಿಸಿ; ಮೇಲೆ ಹಿಡಿದರೆ ಮುಂದಾಳು ಮಿಂಚುತ್ತಾಳೆ, ಸಭೆ ಬಾಯಿ ಮುಚ್ಚುತ್ತದೆ. ಹಾಳೆ ನೋಡಿ ಹಾಡಬೇಡಿ, ಕಣ್ಣು ಹಾಳೆಯ ಮೇಲಿದ್ದರೆ ಮುಂದಾಳಿನ ಸೂಚನೆ ತಪ್ಪಿಹೋಗುತ್ತದೆ.

‘ನಾವು ಗೆದ್ದೇ ಗೆಲ್ಲುವೆವು ಒಂದು ದಿನ’ ಎಂದು ನಮ್ಮ ಶಿಬಿರ, ಶಾಲೆಗಳಲ್ಲಿ ಹಾಡುವ ಧಾಟಿ ಬಂದದ್ದು ಇದೇ ಚಳವಳಿಯ ‘ವಿ ಶಲ್ ಓವರ್‌ಕಮ್’ನಿಂದ. ಅದರ ದಾರಿ ಉದ್ದ: 1945–46ರಲ್ಲಿ ಚಾರ್ಲ್‌ಸ್ಟನ್‌ನ ಸಿಗಾರ್ ಕಾರ್ಖಾನೆ ಮುಷ್ಕರ, ಅಲ್ಲಿಂದ ಚಳವಳಿಗಾರರಿಗೆ ತರಬೇತಿ ಕೊಡುತ್ತಿದ್ದ ಟೆನೆಸಿಯ ಹೈಲ್ಯಾಂಡರ್ ಶಾಲೆ, ಏಪ್ರಿಲ್ 1960ರಲ್ಲಿ ಆ ಶಾಲೆಯ ಗಾಯಕ ಗೈ ಕ್ಯಾರವಾನ್ ಮೂಲಕ ಎಸ್‌ಎನ್‌ಸಿಸಿ ಹುಟ್ಟಿದ ರಾಲಿ ಸಭೆ. ‘ನಾವು ಹೆದರುವುದಿಲ್ಲ’ ಎಂಬ ಚರಣ ಸೇರಿದ್ದು 1959ರಲ್ಲಿ ಹೈಲ್ಯಾಂಡರ್ ಮೇಲೆ ಪೊಲೀಸರು ದಾಳಿ ಮಾಡಿದ ರಾತ್ರಿ, ಕತ್ತಲಲ್ಲಿ ಕೂತಿದ್ದ ಒಬ್ಬ ಹುಡುಗಿಯಿಂದ. ನಾವು ಅದನ್ನು ಲಗುಬಗೆಯಲ್ಲಿ ಮುಗಿಸುತ್ತೇವೆ. ಇವರದು ನಿಧಾನ, ಪ್ರತಿ ಪೆಟ್ಟಿನೊಳಗೆ ಮೂರರ ತೂಗು ಇರುತ್ತದೆ. ಬಲಗೈ ಎಡಗೈ ಮೇಲೆ ಅಡ್ಡ ಬರುವಂತೆ ಪಕ್ಕದವರ ಕೈ ಹಿಡಿದು ತೂಗಿದರೆ ಆ ಮೂರು ತಾನಾಗಿ ಬರುತ್ತದೆ. 2018ರ ಕೋರ್ಟು ರಾಜಿಯ ನಂತರ ಆ ಹಾಡಿನ ಸಾಹಿತ್ಯ, ಧಾಟಿ ಎರಡೂ ಸಾರ್ವಜನಿಕ ಸ್ವತ್ತು, ಹಾಡಲು ಯಾರ ಅಪ್ಪಣೆಯೂ ಬೇಡ. ಧ್ವನಿಮುದ್ರಣಗಳ ಹಕ್ಕು ಬೇರೆ: ಈ ಸಂಪುಟದ ತುಣುಕನ್ನು ವಿಡಿಯೋಗೆ ಹಿನ್ನೆಲೆಯಾಗಿ ಹಾಕುವವರು ಫೋಕ್‌ವೇಸ್‌ನಿಂದ ಪರವಾನಗಿ ಪಡೆಯಬೇಕು.

43 ಟ್ರ್ಯಾಕು ಜಾಸ್ತಿಯಾಯಿತು ಅನ್ನುವವರಿಗೆ ಅದೇ ಫೋಕ್‌ವೇಸ್ 1990ರಲ್ಲಿ ತಂದ ‘ಸಿಂಗ್ ಫಾರ್ ಫ್ರೀಡಂ’ ಇದೆ. ಗೈ ಮತ್ತು ಕ್ಯಾಂಡಿ ಕ್ಯಾರವಾನ್ ಜೋಡಿಸಿದ್ದು, ಒಂದೇ ಸಿ.ಡಿ. ಕೆಲವು ಹಾಡು, ಕೆಲವು ತಂಡ ಎರಡರಲ್ಲೂ ಬರುತ್ತವೆ. ಕ್ಲಾಸಿನಲ್ಲಿ ಒಂದು ಗಂಟೆ ಕೇಳಿಸಿ ಚರ್ಚೆ ಮಾಡಬೇಕಾದ ಮೇಷ್ಟ್ರಿಗೆ ಅದು ಅನುಕೂಲ. ಹ್ಯಾಮರ್, ಫೈಕ್ಸ್‌ರ ಬೆನ್ನಿಗಿರುವ ಸಭೆಯನ್ನು ಬಿಡಿಸಿ ಕೇಳಬೇಕು, ಹಾಡುವುದನ್ನು ಅದರಿಂದಲೇ ಕಲಿಯಬೇಕು ಅನ್ನುವವರಿಗೆ ರೇಗನ್‌ರ ಎರಡು ಸಿ.ಡಿ.ಗಳೇ ಬೇಕು.